ಹಿತ್ತಲ ಗಿಡವೂ ಮದ್ದು: ಅಲ್ಪ ಆದಾಯದ ಕುಟುಂಬಗಳ ಆಹಾರ, ಕೈತೋಟ ಮತ್ತು ಅಡುಗೆಯ ಅರಿವು

(ಪೋಷಣ ಮಾಸದ ಅಂಗವಾಗಿ ಪುಣೆಯ ಕನ್ನಡ ಸಂಘವೊಂದರ ಮಹಿಳಾ ವಿಭಾಗದಲ್ಲಿ ನೀಡಿದ ಉಪನ್ಯಾಸದ ಪಾಠ)



‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೈಗೆಟುಕುವ ವಸ್ತುವಿನ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಆದರೆ ಈ ಗಾದೆಯನ್ನು ಕಟ್ಟಿದವರು ಹಿತ್ತಲಿದ್ದ ಕಾಲದ ಜನರು. ದುಡಿಮೆಯನ್ನರಸಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಿಗೆ ಬಂದು ನೆಲೆಸಿರುವ ಎಷ್ಟೋ ಕನ್ನಡ ಕುಟುಂಬಗಳಿಗೆ ಇಂದು ಹಿತ್ತಲೇ ಇಲ್ಲ. ಹಿತ್ತಲಿನೊಡನೆ ಗಿಡ ಹೋಯಿತು. ಗಿಡದೊಡನೆ ಊಟದ ತಟ್ಟೆಯಿಂದ ಏನು ಹೋಯಿತು, ಅದನ್ನು ಮರಳಿ ತರುವ ಬಗೆ ಯಾವುದು ಎಂಬುದೇ ಇಂದಿನ ಉಪನ್ಯಾಸದ ವಿಷಯ.

ನಾನು ವೈದ್ಯಳೂ ಅಲ್ಲ, ಕೃಷಿ ವಿಜ್ಞಾನಿಯೂ ಅಲ್ಲ. ಸಚಿವಾಲಯದ ಪ್ರಕಟಣೆಗಳನ್ನು ಕನ್ನಡಕ್ಕೆ ತರುವುದು ನನ್ನ ವೃತ್ತಿ. ಆಹಾರ ಮತ್ತು ಆರೋಗ್ಯವನ್ನು ಕುರಿತ ಹಲವಾರು ಕರಪತ್ರಗಳು ನನ್ನ ಮೇಜನ್ನು ದಾಟಿ ಹೋಗಿವೆ. ಅಂತಹ ಒಂದು ಕರಪತ್ರದಲ್ಲಿ ‘ಕಬ್ಬಿಣಾಂಶಯುಕ್ತ ಹಸಿರೆಲೆ ತರಕಾರಿಗಳನ್ನು ಹೇರಳವಾಗಿ ಸೇವಿಸಿರಿ’ ಎಂದು ನಾನೇ ಬರೆದಿದ್ದೆ. ವ್ಯಾಕರಣದ ದೃಷ್ಟಿಯಿಂದ ಆ ವಾಕ್ಯದಲ್ಲಿ ದೋಷವಿರಲಿಲ್ಲ. ಕೆಲವು ವರ್ಷಗಳ ಹಿಂದೆ ಇದೇ ನಗರದ ಕಟ್ಟಡ ಕಾರ್ಮಿಕರ ವಸತಿಯೊಂದರಲ್ಲಿ ಅದನ್ನು ಓದಿ ಹೇಳುವ ಅವಕಾಶ ಒದಗಿತು. ಕೇಳುತ್ತ ಕುಳಿತಿದ್ದವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯ ಹೆಣ್ಣುಮಕ್ಕಳು. ಓದು ಮುಗಿದೊಡನೆ ಅವರಲ್ಲೊಬ್ಬಾಕೆ ಕೇಳಿದಳು: “ಅಕ್ಕಾರ, ಇದು ಯಾವ ಅಂಗಡ್ಯಾಗ ಸಿಗ್ತದ್ರಿ? ಎಷ್ಟ ಬೀಳ್ತದ?”

ನಾನು ವಿವರಿಸಿದೆ. ಆಕೆ ನಕ್ಕು, “ತಪ್ಪಲ ಪಲ್ಯ ಏನ್ರಿ? ಹಂಗ ಬರೀಬಾರದೇನ್ರಿ? ಊರಾಗ ಹೊಲದ ಬದುವಿನ ಮ್ಯಾಲ ಸುಮ್ನ ಬೆಳೀತಿತ್ತು. ಉಡಿ ತುಂಬ ಹರಕೊಂಡು ಬರ್ತಿದ್ವಿ. ಇಲ್ಲಿ ಒಂದು ಸಿವುಡಿಗೂ ರೊಕ್ಕ ಎಣಿಸಬೇಕು” ಎಂದಳು.

ಈ ಮಾತಿನಿಂದ ನಾನು ಎರಡು ಪಾಠಗಳನ್ನು ಕಲಿತೆ. ಜನರ ಬಾಯಲ್ಲಿರುವ ಮಾತನ್ನು ಬಿಟ್ಟು ಬರೆದ ಹಿತವಚನ ಜನರನ್ನು ತಲಪುವುದಿಲ್ಲ ಎಂಬುದು ಮೊದಲನೆಯದು. ನಗರಕ್ಕೆ ಬಂದ ಮೇಲೆ ಆ ಕುಟುಂಬದ ಕೂಲಿ ಹೆಚ್ಚಿತ್ತು. ಆದರೆ ಹಳ್ಳಿಯಲ್ಲಿ ಬಿಟ್ಟಿಯಾಗಿ ದೊರೆಯುತ್ತಿದ್ದ ಸೊಪ್ಪು ತಟ್ಟೆಯಿಂದ ಮರೆಯಾಗಿತ್ತು ಎಂಬುದು ಎರಡನೆಯದು.

ತಟ್ಟೆಯಲ್ಲಿ ಯಾವುದರ ಕೊರತೆ?

ನಮ್ಮ ದೇಶದ ಬಡ ಕುಟುಂಬಗಳ ಮುಖ್ಯ ಸಮಸ್ಯೆ ಇಂದು ಕೇವಲ ಹಸಿವಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿಯೊಬ್ಬ ಸದಸ್ಯರಿಗೂ ತಿಂಗಳಿಗೆ 5 ಕಿಲೋಗ್ರಾಂ ಆಹಾರ ಧಾನ್ಯ ದೊರೆಯಬೇಕು. ಅಕ್ಕಿ, ಗೋಧಿಗಳಿಂದ ಹೊಟ್ಟೆ ತುಂಬುತ್ತದೆ. ಆದರೆ ತುಂಬಿದ ಹೊಟ್ಟೆಯಲ್ಲೂ ಒಂದು ಬಗೆಯ ಹಸಿವು ಅಡಗಿರಬಲ್ಲದು. ಕಬ್ಬಿಣ, ಸುಣ್ಣ, ‘ಎ’ ಮತ್ತು ‘ಸಿ’ ಜೀವಸತ್ವಗಳು ದೇಹಕ್ಕೆ ಬೇಕಾದುದು ಅತ್ಯಲ್ಪ ಪ್ರಮಾಣದಲ್ಲಿ; ಆ ಅಲ್ಪವೂ ದೊರೆಯದಿದ್ದರೆ ದೇಹ ಬಡವಾಗುತ್ತದೆ.

ಇದರ ಪರಿಣಾಮವನ್ನು 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿಕೊಟ್ಟಿತು. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿತ್ತು. 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇಕಡಾ 67. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇವು ಅಂಕಿಗಳು. ಮನೆಯೊಳಗೆ ಇವುಗಳ ರೂಪವೇ ಬೇರೆ: ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುವ ತಾಯಿ, ಪಾಠದ ನಡುವೆ ತೂಕಡಿಸುವ ಮಗು, ಹೆರಿಗೆಯ ಹೊತ್ತಿನಲ್ಲಿ ರಕ್ತ ಸಾಲದೆ ಅಪಾಯಕ್ಕೆ ಸಿಲುಕುವ ಬಸುರಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ ಸೂಚಿಸಿರುವ ದಿನದ ಮಾದರಿ ತಟ್ಟೆಯಲ್ಲಿ ಸುಮಾರು 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳುಗಳಿವೆ. ಕೂಲಿಕಾರರ ಮನೆಯ ತಟ್ಟೆಯಲ್ಲಿ ಅನ್ನ ಅಥವಾ ರೊಟ್ಟಿ ರಾಶಿಯಾಗಿದ್ದು, ಪಲ್ಯ ಅಂಚಿನಲ್ಲಿ ಒಂದು ಚಮಚದಷ್ಟಿರುತ್ತದೆ. ತಿಂಗಳ ಕೊನೆಯಲ್ಲಿ ಹಣ ಸಾಲದಾದಾಗ ಮೊದಲು ಕೈಬಿಡುವುದೂ ಆ ಚಮಚವನ್ನೇ. ಕೈತೋಟ ನೆರವಿಗೆ ಬರಬೇಕಾದುದು ಇಲ್ಲಿಯೇ.

ಕೈತೋಟದಿಂದ ಸಾಧ್ಯವಾಗುವುದು, ಆಗದಿರುವುದು

ಕೃಷಿ ಪುಸ್ತಕಗಳು ಐದು ಜನರ ಕುಟುಂಬದ ವರ್ಷದ ತರಕಾರಿಗೆ 200ರಿಂದ 250 ಚದರ ಮೀಟರ್ ಕೈತೋಟ ಬೇಕೆಂದು ಹೇಳುತ್ತವೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯಲ್ಲಿ ಬದುಕುವವರ ಮುಂದೆ ಈ ಮಾತನ್ನಾಡುವುದು ಸಲ್ಲದು. ಕಿಟಕಿಯ ನಾಲ್ಕು ಕುಂಡಗಳಿಂದ ಐವರಿಗೆ ದಿನವೂ ಎರಡು ಕಿಲೋ ತರಕಾರಿ ದೊರೆಯಲಾರದು. ದೊರೆಯುವುದೆಂದು ನಂಬಿಸಿದರೆ ಜನ ಒಂದು ತಿಂಗಳು ನೀರೆರೆದು, ಬೇಸತ್ತು ಕೈಬಿಡುತ್ತಾರೆ.

ಆದ್ದರಿಂದ ಗುರಿ ಚಿಕ್ಕದಾಗಿರಲಿ. ಆಲೂಗೆಡ್ಡೆ, ಈರುಳ್ಳಿ, ಕುಂಬಳಕಾಯಿಗಳು ಕೆಲವು ದಿನ ಕೆಡದೆ ಉಳಿಯುತ್ತವೆ; ಅವನ್ನು ಪೇಟೆಯಿಂದ ತರಬಹುದು. ಮನೆಯಲ್ಲಿ ಬೆಳೆಯಬೇಕಾದುದು ಬೇಗ ಬಾಡುವ, ಬೇಗ ಬೆಳೆಯುವ, ಅಲ್ಪ ಜಾಗದಲ್ಲಿ ಹೆಚ್ಚು ಸತ್ವ ಕೊಡುವ ಬೆಳೆಯನ್ನು. ಅದುವೇ ಸೊಪ್ಪು. ವಾರಕ್ಕೆ ಎರಡು ಸಲ ಸಾರಿಗೋ ಪಲ್ಯಕ್ಕೋ ಆಗುವಷ್ಟು ಸೊಪ್ಪು, ದಿನವೂ ಒಂದು ಹಿಡಿ ಕೊತ್ತಂಬರಿ, ಕರಿಬೇವು ಅಥವಾ ಪುದೀನ, ಒಂದೆರಡು ಮೆಣಸಿನ ಗಿಡ. ಇಷ್ಟಾದರೆ ತಟ್ಟೆಯ ಅಂಚಿನ ಚಮಚ ಒಂದು ಸೌಟಾಗುತ್ತದೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ತೀವ್ರವಾದ ರಕ್ತಹೀನತೆ ಸೊಪ್ಪಿನಿಂದ ಮಾತ್ರ ಗುಣವಾಗುವುದಿಲ್ಲ. ಅದಕ್ಕೆ ರಕ್ತಪರೀಕ್ಷೆ, ವೈದ್ಯರ ಸಲಹೆ, ಕಬ್ಬಿಣಾಂಶದ ಮಾತ್ರೆ, ಜಂತುನಾಶಕ ಔಷಧಗಳು ಬೇಕು. ಗರ್ಭಿಣಿಯರು ನಾಲ್ಕನೆಯ ತಿಂಗಳಿನಿಂದ 180 ದಿನಗಳ ಕಾಲ ದಿನಕ್ಕೊಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಸೇವಿಸಬೇಕೆಂಬುದು ಸರ್ಕಾರಿ ಕಾರ್ಯಕ್ರಮದ ನಿಯಮ. ಕೈತೋಟ ಮಾತ್ರೆಗೆ ಬದಲಿಯಲ್ಲ. ಮಾತ್ರೆ ನಿಂತ ಮೇಲೆ ಮತ್ತೆ ಅದೇ ಸ್ಥಿತಿಗೆ ಜಾರದಂತೆ ನೆರವಾಗುವ ಆಸರೆ.

ಜಾಗವಿಲ್ಲದವರ ತೋಟ

ಗಿಡಕ್ಕೆ ಬೇಕಾದುದು ನಾಲ್ಕು: ಬೆಳಕು, ಬೇರಿಗೆ ಸ್ಥಳ, ನೀರು, ಗೊಬ್ಬರ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಸ್ಥಳವನ್ನು ಮೊದಲು ಗುರುತಿಸಿಕೊಳ್ಳಬೇಕು. ಅದು ಕಿಟಕಿಯ ಚಾಚು ಇರಬಹುದು, ಮೆಟ್ಟಿಲ ಬದಿ ಇರಬಹುದು, ತಗಡಿನ ಮಾಡಿನ ಅಂಚು ಇರಬಹುದು. ಸೊಪ್ಪಿಗೆ ಆರರಿಂದ ಎಂಟು ಅಂಗುಲ ಆಳದ ಮಣ್ಣು ಸಾಕು. ಟೊಮೇಟೊ, ಬದನೆ, ಮೆಣಸಿನಕಾಯಿಗಳಿಗೆ ಒಂದು ಅಡಿ ಬೇಕು. ಅಡುಗೆ ಎಣ್ಣೆಯ ಖಾಲಿ ಡಬ್ಬ, ಒಡೆದ ಬಕೆಟ್, ಅಕ್ಕಿಯ ಚೀಲ ಇವೆಲ್ಲವೂ ಕುಂಡಗಳಾಗಬಲ್ಲವು. ತಳದಲ್ಲಿ ನಾಲ್ಕೈದು ರಂಧ್ರಗಳಿರಲೇಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ಬಣ್ಣ, ರಾಸಾಯನಿಕ ಅಥವಾ ಕೀಟನಾಶಕ ತುಂಬಿದ್ದ ಡಬ್ಬಗಳನ್ನು ಮಾತ್ರ ಎಂದಿಗೂ ಬಳಸಬಾರದು.

ಒಂದು ಪಾಲು ಮಣ್ಣು, ಒಂದು ಪಾಲು ಕೊಳೆತ ಗೊಬ್ಬರ, ಒಂದು ಪಾಲು ಮರಳು ಅಥವಾ ತೆಂಗಿನ ನಾರಿನ ಪುಡಿ ಸೇರಿಸಿದರೆ ಕುಂಡದ ಮಣ್ಣು ಸಿದ್ಧವಾಗುತ್ತದೆ. ತರಕಾರಿ ಸಿಪ್ಪೆಗಳನ್ನು ಒಣಗಿದ ಎಲೆಗಳೊಡನೆ ಪದರ ಪದರವಾಗಿ ತೂತುಳ್ಳ ಮಡಕೆಯಲ್ಲಿ ತುಂಬುತ್ತ ಬಂದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರವಾಗುತ್ತದೆ. ವಾಹನ ದಟ್ಟಣೆಯ ರಸ್ತೆ ಬದಿಯ ಮಣ್ಣನ್ನು ತರಬೇಡಿ. ಅದರಲ್ಲಿ ಸೀಸದಂತಹ ವಿಷಲೋಹಗಳಿರುವ ಸಂಭವವುಂಟು.

ಬೀಜಕ್ಕಾಗಿ ಹಣ ವೆಚ್ಚ ಮಾಡಬೇಕಾಗಿಲ್ಲ. ಸಾಂಬಾರದ ಡಬ್ಬಿಯೇ ಮೊದಲ ಬೀಜ ಭಂಡಾರ. ಹುರಿಯದ ಮೆಂತ್ಯವನ್ನು ರಾತ್ರಿ ನೆನೆಸಿ ಬಿತ್ತಿದರೆ ಸುಮಾರು 25-30 ದಿನಗಳಲ್ಲಿ ಸೊಪ್ಪು ಕೈಗೆ ಬರುತ್ತದೆ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಿ ಬಿತ್ತಬೇಕು. ಅದಕ್ಕೆ ಸುಮಾರು 40 ದಿನ ಬೇಕು. ಪೇಟೆಯಿಂದ ತಂದ ಬಸಳೆ, ಪುದೀನಗಳ ಎಲೆ ಬಿಡಿಸಿದ ಮೇಲೆ ಕಾಂಡವನ್ನು ಎಸೆಯದೆ ಊರಿದರೆ ಬೇರು ಬಿಡುತ್ತದೆ. ಹರಿವೆ ಅಥವಾ ದಂಟಿನ ಸೊಪ್ಪಿಗೆ ಮಾತ್ರ ಬೀಜ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ಎಂಬ ದಂಟಿನ ತಳಿಯನ್ನು ಬುಡದಿಂದ ಕೀಳದೆ ಮೇಲ್ಭಾಗವನ್ನು ಕತ್ತರಿಸುತ್ತ ಹೋದರೆ ಮತ್ತೆ ಮತ್ತೆ ಚಿಗುರುತ್ತದೆ. ಎಲ್ಲ ಕುಂಡಗಳಲ್ಲೂ ಒಂದೇ ದಿನ ಬಿತ್ತಬೇಡಿ. ವಾರಕ್ಕೊಂದು ಕುಂಡದಂತೆ ಬಿತ್ತಿದರೆ ವಾರಕ್ಕೊಂದು ಕೊಯ್ಲು ಸಿಗುತ್ತದೆ.

ನೀರಿಗಾಗಿ ಸರದಿಯಲ್ಲಿ ನಿಲ್ಲುವ ಮನೆಯಲ್ಲಿ ಗಿಡಕ್ಕೆಲ್ಲಿಯ ನೀರು ಎಂಬ ಪ್ರಶ್ನೆ ನ್ಯಾಯವಾದುದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನಾಲ್ಕಾರು ಕುಂಡಗಳಿಗೆ ಸಾಕಾಗುತ್ತದೆ. ಬೆರಳನ್ನು ಮಣ್ಣಿನೊಳಗೆ ಒಂದು ಅಂಗುಲ ಇಳಿಸಿ ನೋಡಿ. ತೇವವಿದ್ದರೆ ಅಂದು ನೀರು ಬೇಡ. ಸಾಬೂನು ಬೆರೆತ ಬಚ್ಚಲ ನೀರನ್ನು ಸೊಪ್ಪಿಗೆ ಎರೆಯಬಾರದು. ಚರಂಡಿಯ ನೀರಂತೂ ಸಲ್ಲವೇ ಸಲ್ಲದು. ಅದು ಸೊಪ್ಪಿನ ಮೂಲಕ ರೋಗವನ್ನೇ ಮನೆಗೆ ತರುತ್ತದೆ. ಎಲೆಯ ಅಡಿಯಲ್ಲಿ ಹೇನು ಕಂಡರೆ ಮೊದಲು ನೀರಿನಿಂದ ತೊಳೆಯಿರಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ ಸುಮಾರು 5 ಮಿಲಿಲೀಟರ್ ಬೇವಿನ ಎಣ್ಣೆ, ಕೆಲವು ಹನಿ ಸಾಬೂನಿನ ನೀರು ಬೆರೆಸಿ ಸಿಂಪಡಿಸಿ. ಕೊಯ್ದ ಸೊಪ್ಪನ್ನು ಚೆನ್ನಾಗಿ ತೊಳೆದು ಬಳಸಿ.

ಊರಿಗೆ ತಕ್ಕ ಬೆಳೆ

ಹೊರನಾಡಿನ ಕನ್ನಡಿಗರು ಒಂದೇ ಹವಾಮಾನದಲ್ಲಿ ಬಾಳುತ್ತಿಲ್ಲ. ದೆಹಲಿಯಲ್ಲಿ ಮೆಂತ್ಯ, ಪಾಲಕ್, ಮೂಲಂಗಿಗಳನ್ನು ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಬಿತ್ತಿದರೆ ಚಳಿಗಾಲವಿಡೀ ಸೊಪ್ಪು ದೊರೆಯುತ್ತದೆ. ಅಲ್ಲಿನ ಬೇಸಿಗೆಯನ್ನು ತಾಳಿಕೊಳ್ಳುವವು ಹರಿವೆ, ಬಸಳೆಗಳು. ಮುಂಬಯಿಯ ಜಡಿಮಳೆಯಲ್ಲಿ ಮೆಂತ್ಯ, ಕೊತ್ತಂಬರಿ ಕೊಳೆತುಹೋಗುತ್ತವೆ. ಆಗ ಬಸಳೆಯ ಬಳ್ಳಿ ಮತ್ತು ಕೆಸು ಸೊಗಸಾಗಿ ಬೆಳೆಯುತ್ತವೆ. ಕರಾವಳಿಯವರ ಪತ್ರೊಡೆಯೂ ಮರಾಠಿ ನೆರೆಯವರ ಅಳುವಡಿಯೂ ಒಂದೇ ಕೆಸುವಿನ ಎಲೆಯಿಂದ ಆದವು. ಚೆನ್ನೈಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುರಿಯುವ ಮಳೆ ಕಳೆದ ಮೇಲೆ ಬಿತ್ತನೆಗೆ ಒಳ್ಳೆಯ ಕಾಲ. ವಸತಿಯ ಬಳಿ ಒಂದಿಷ್ಟು ನೆಲವಿದ್ದರೆ ನುಗ್ಗೆ ನೆಡಬಹುದು. ತಮಿಳುನಾಡಿನ ಪೆರಿಯಕುಳಂನಲ್ಲಿ ರೂಪುಗೊಂಡ ಪಿ.ಕೆ.ಎಂ.-1 ತಳಿ ಬೀಜದಿಂದಲೇ ಬೆಳೆದು ವರ್ಷದೊಳಗೆ ಫಲ ಕೊಡುತ್ತದೆ. ಅದನ್ನು ಎದೆಯೆತ್ತರಕ್ಕೆ ಕತ್ತರಿಸುತ್ತಿದ್ದರೆ ಸೊಪ್ಪಿಗೆ ಬರವಿಲ್ಲ. ಹೈದರಾಬಾದ್ ಮತ್ತು ಪುಣೆಯವರಿಗೆ ಪುಂಡಿ ಸೊಪ್ಪು ಅನುಕೂಲ. ಅದನ್ನು ತೆಲುಗರು ಗೋಂಗೂರ ಎನ್ನುತ್ತಾರೆ, ಮರಾಠಿಗರು ಅಂಬಾಡಿ ಎನ್ನುತ್ತಾರೆ. ಹೆಸರು ಮೂರಾದರೂ ಗಿಡ ಒಂದೇ.

ಒಲೆಯ ಮೇಲೆ ಕಳೆದುಹೋಗುವ ಸಂಪತ್ತು

ಈಗ ನಾನು ಬಹುಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇನೆ. ಕುಂಡದಲ್ಲಿ ಬೆಳೆದದ್ದು ತಟ್ಟೆಗೆ ಬರುವ ಮುನ್ನ ಅಡುಗೆಮನೆಯನ್ನು ದಾಟಬೇಕು. ಬೆಳೆಯುವುದನ್ನು ಮಾತ್ರ ಕಲಿಸಿ ಅಡುಗೆಯ ಅರಿವನ್ನು ಕಲಿಸದಿದ್ದರೆ ಶ್ರಮದ ಬಹುಪಾಲು ನೀರಿನೊಡನೆ ಹರಿದುಹೋಗುತ್ತದೆ. ಇದು ಕೇವಲ ಮಾತಿನ ಚಮತ್ಕಾರವಲ್ಲ. ‘ಸಿ’ ಜೀವಸತ್ವವೂ ‘ಬಿ’ ಗುಂಪಿನ ಜೀವಸತ್ವಗಳೂ ನೀರಿನಲ್ಲಿ ಕರಗುತ್ತವೆ. ಸೊಪ್ಪನ್ನು ಸಣ್ಣಗೆ ಹೆಚ್ಚಿ ಆಮೇಲೆ ತೊಳೆದರೆ, ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಅವು ಹೊರಟುಹೋಗುತ್ತವೆ. ಆದ್ದರಿಂದ ಮೊದಲು ತೊಳೆದು ಅನಂತರ ಹೆಚ್ಚಬೇಕು. ಕಡಿಮೆ ನೀರಿನಲ್ಲಿ, ಮುಚ್ಚಳ ಮುಚ್ಚಿ, ಸ್ವಲ್ಪ ಹೊತ್ತು ಮಾತ್ರ ಬೇಯಿಸಬೇಕು. ಅಕ್ಕಿಯನ್ನು ಹಲವು ಬಾರಿ ಉಜ್ಜಿ ತೊಳೆದು, ಗಂಜಿ ಬಸಿದು ಚೆಲ್ಲುವ ರೂಢಿಯೂ ಹೀಗೆಯೇ ನಷ್ಟದ್ದು. ಕರಾವಳಿಯವರ ಕುಚ್ಚಿಲಕ್ಕಿಯಲ್ಲಿ ಭತ್ತವನ್ನು ಬೇಯಿಸುವಾಗಲೇ ‘ಬಿ-1’ ಜೀವಸತ್ವ ಕಾಳಿನ ಒಳಗೆ ಇಳಿಯುವುದರಿಂದ ಅದು ಹೆಚ್ಚು ಉಳಿಯುತ್ತದೆ.

ನಮ್ಮ ಹಿರಿಯರ ಅಡುಗೆಯಲ್ಲಿ ಈ ಅರಿವು ಹಾಸುಹೊಕ್ಕಾಗಿತ್ತು. ಹಳೆಯ ಮೈಸೂರು ಸೀಮೆಯ ಬಸ್ಸಾರನ್ನು ನೋಡಿ. ಸೊಪ್ಪು, ಕಾಳುಗಳನ್ನು ಬೇಯಿಸಿ ಬಸಿದ ನೀರೇ ಸಾರಾಗುತ್ತದೆ, ಬೆಂದ ಸೊಪ್ಪು ಕಾಳು ಪಲ್ಯವಾಗುತ್ತದೆ. ಒಂದು ತೊಟ್ಟೂ ವ್ಯರ್ಥವಿಲ್ಲ. ಹಬ್ಬದ ಕೋಸಂಬರಿಯನ್ನು ನೋಡಿ. ನೆನೆದ ಹೆಸರುಬೇಳೆಯ ಸಸಾರಜನಕ, ಹಸಿ ಸೌತೆಕಾಯಿ, ಕೊತ್ತಂಬರಿ, ಮೇಲೆ ನಿಂಬೆರಸ. ಒಲೆ ಹಚ್ಚದೆಯೇ ಸಿದ್ಧವಾಗುವ ಈ ತಿನಿಸನ್ನು ರಾಮನವಮಿಗೆ ಮಾತ್ರ ಮೀಸಲಿಡಬೇಕಾದ ಕಾರಣವಿಲ್ಲ. ಮಲೆನಾಡಿನ ಒಂದೆಲಗದ ತಂಬುಳಿ, ಉತ್ತರ ಕರ್ನಾಟಕದ ಶೇಂಗಾ ಹಿಂಡಿ, ಅಗಸಿ ಹಿಂಡಿ ಇವೆಲ್ಲವೂ ಅಗ್ಗದ ಸಾಮಗ್ರಿಯಿಂದಾದ ಸತ್ವಭರಿತ ಆಹಾರಗಳೇ.

ನಿಂಬೆರಸದ ಮಾತು ಬಂದಿತು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ‘ಸಿ’ ಜೀವಸತ್ವವಿದ್ದರೆ ಹೀರಿಕೆ ಹೆಚ್ಚುತ್ತದೆ. ಪಲ್ಯ ಕೆಳಗಿಳಿಸಿದ ಮೇಲೆ ನಿಂಬೆ ಹಿಂಡುವುದು, ಊಟದೊಡನೆ ಒಂದು ನೆಲ್ಲಿಕಾಯಿ ಅಥವಾ ಸೀಬೆಯ ಹೋಳು ತಿನ್ನುವುದು ಇದಕ್ಕೆ ಸುಲಭ ಉಪಾಯ. ಇದಕ್ಕೆ ವಿರುದ್ಧವಾಗಿ ಊಟದೊಡನೆ ಅಥವಾ ಊಟವಾದ ಕೂಡಲೇ ಕುಡಿಯುವ ಚಹ ಕಬ್ಬಿಣಾಂಶದ ಹೀರಿಕೆಗೆ ಅಡ್ಡಿಯಾಗುತ್ತದೆ. ಕೂಲಿಯಿಂದ ದಣಿದು ಬಂದವರಿಗೆ ಚಹ ಬಿಡಿರೆಂದು ನಾನು ಹೇಳಲಾರೆ. ಊಟಕ್ಕೂ ಚಹಕ್ಕೂ ನಡುವೆ ಒಂದು ಗಂಟೆಯ ಅಂತರವಿರಲಿ ಎಂದಷ್ಟೇ ಹೇಳುತ್ತೇನೆ. ಕಬ್ಬಿಣದ ಬಾಣಲೆಯಲ್ಲಿ ಹುಳಿಯುಳ್ಳ ಅಡುಗೆ ಮಾಡಿದರೆ ಲೋಹದ ಅಂಶ ಆಹಾರಕ್ಕೆ ಸ್ವಲ್ಪ ಸೇರುತ್ತದೆ. ಅಡುಗೆಯಾದೊಡನೆ ಬೇರೆ ಪಾತ್ರೆಗೆ ಸುರಿಯಬೇಕು. ಸೊಪ್ಪು, ಕ್ಯಾರೆಟ್, ಪರಂಗಿಹಣ್ಣುಗಳಲ್ಲಿರುವ, ದೇಹದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುವ ಅಂಶ ರಕ್ತಗತವಾಗಲು ಅಲ್ಪ ಕೊಬ್ಬು ಬೇಕು. ಒಗ್ಗರಣೆಯ ಒಂದು ಚಮಚ ಎಣ್ಣೆ ದುಂದಲ್ಲ.

ಕಾಳುಗಳನ್ನು ನೆನೆಸಿ ಮೊಳಕೆ ಬರಿಸುವುದು ಇನ್ನೊಂದು ಕೌಶಲ. ಒಣ ಕಾಳಿನಲ್ಲಿ ಇಲ್ಲವೆಂಬಷ್ಟು ಅಲ್ಪವಾಗಿರುವ ‘ಸಿ’ ಜೀವಸತ್ವ ಮೊಳಕೆಯಲ್ಲಿ ಹೆಚ್ಚುತ್ತದೆ. ಕಬ್ಬಿಣದ ಹೀರಿಕೆಯನ್ನು ತಡೆಯುವ ಅಂಶ ಕಡಿಮೆಯಾಗುತ್ತದೆ. ಬಿಸಿಲೇ ಬೀಳದ ಮನೆಯಲ್ಲೂ ಒದ್ದೆ ಬಟ್ಟೆಯೊಳಗೆ ಬೆಳೆಯುವ ತೋಟವೆಂದರೆ ಇದು. ಪಟ್ಟಣಕ್ಕೆ ಬಂದು ರಾಗಿ, ಜೋಳಗಳನ್ನು ಮರೆತವರಿಗೂ ಒಂದು ಮಾತು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕು ಸುಣ್ಣದ ಅಂಶವಿದೆ. ಬಿಳಿ ಅಕ್ಕಿಯಲ್ಲಿರುವುದು ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜಗತ್ತು ಮೆಚ್ಚಿದ ಧಾನ್ಯವನ್ನು ನಾವು ಬಡವರ ಊಟವೆಂದು ಕೀಳಾಗಿ ಕಾಣುವುದು ತರವಲ್ಲ.

ಮಗುವಿನ ಬಟ್ಟಲು

ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲೊಂದೇ ಆಹಾರ, ನೀರೂ ಬೇಡ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೆತ್ತನೆಯ ಆಹಾರ ಮೊದಲಾಗಬೇಕು. ಮಕ್ಕಳು ಸೊರಗಲು ತೊಡಗುವುದು ಹೆಚ್ಚಾಗಿ ಈ ಘಟ್ಟದಲ್ಲಿಯೇ. ತೆಳು ಗಂಜಿಯಿಂದ ಪುಟ್ಟ ಹೊಟ್ಟೆ ತುಂಬುತ್ತದೆ, ಸತ್ವ ಸಾಲುವುದಿಲ್ಲ. ಹಿಟ್ಟು ಹೆಚ್ಚಿಸಿದರೆ ಗಟ್ಟಿಯಾಗಿ ಮಗು ನುಂಗುವುದಿಲ್ಲ. ಈ ಇಕ್ಕಟ್ಟಿಗೆ ನಮ್ಮ ಅಜ್ಜಿಯರ ರಾಗಿ ಸರಿಯಲ್ಲಿ ಪರಿಹಾರವಿದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ಜರಡಿಯಾಡಿದರೆ ಸರಿ ಹಿಟ್ಟು ಸಿದ್ಧ. ಮೊಳೆಯುವಾಗ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಸರಿ ನುಂಗುವಷ್ಟು ತೆಳುವಾಗಿಯೇ ಇರುತ್ತದೆ. ಅದಕ್ಕೆ ಹುರಿದ ಹೆಸರುಬೇಳೆಯ ಹಿಟ್ಟು, ಅರ್ಧ ಚಮಚ ತುಪ್ಪ ಅಥವಾ ಎಣ್ಣೆ, ಬೇಯಿಸಿ ಹಿಸುಕಿದ ಒಂದು ಚಮಚ ಸೊಪ್ಪು ಸೇರಿದರೆ ದುಬಾರಿ ಡಬ್ಬಿ ಆಹಾರದ ಹಂಗೇ ಬೇಡ.

ಕೊನೆಗೆ ಉಣ್ಣುವವಳು

ಆ ಕಟ್ಟಡ ಕಾರ್ಮಿಕರ ವಸತಿಗೆ ಎರಡು ತಿಂಗಳ ಬಳಿಕ ಮತ್ತೆ ಹೋಗಿದ್ದೆ. ಅಂದು ನನ್ನನ್ನು ಪ್ರಶ್ನಿಸಿದ ಹೆಣ್ಣುಮಗಳ ಗುಡಿಸಲಿನ ಮುಂದೆ ಎಣ್ಣೆಯ ಡಬ್ಬವೊಂದರಲ್ಲಿ ಮೆಂತ್ಯ ಹಸಿರಾಗಿ ನಿಂತಿತ್ತು. ಸಂತೋಷದಿಂದ, “ಪಲ್ಯ ಹೇಗಿತ್ತಮ್ಮ?” ಎಂದು ಕೇಳಿದೆ. “ಹುಡುಗರು ಛಲೋ ಉಂಡ್ರಿ. ಅವರಪ್ಪಗೂ ಹಾಕಿದೆ” ಎಂದಳು. “ನೀನು?” ಎಂದೆ. “ನಂದು ಮುಂದಿನ ಸಲ ಅಕ್ಕಾರ” ಎಂದು ಮುಖ ತಿರುಗಿಸಿದಳು. ಆಕೆ ಆಗ ಐದು ತಿಂಗಳ ಬಸುರಿ.

ಕೈತೋಟ ಚೆನ್ನಾಗಿ ಬೆಳೆದರೂ, ಅಡುಗೆ ಕ್ರಮಬದ್ಧವಾದರೂ, ಬಡಿಸುವ ಕ್ರಮ ಬದಲಾಗದಿದ್ದರೆ ಯಾರಿಗೆ ಸೊಪ್ಪು ಅತ್ಯಗತ್ಯವೋ ಅವಳಿಗೇ ಅದು ದೊರೆಯುವುದಿಲ್ಲ. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದುದನ್ನು ಉಣ್ಣುವುದು ತ್ಯಾಗವೆಂದು ನಾವು ಹೊಗಳುತ್ತ ಬಂದಿದ್ದೇವೆ. ತಾಯಿಯ ರಕ್ತಹೀನತೆ ಹುಟ್ಟುವ ಮಗುವಿನ ತೂಕವನ್ನೂ ಕುಗ್ಗಿಸಬಲ್ಲದು. ಆದ್ದರಿಂದ ಅಡುಗೆ ಇಳಿಸಿದೊಡನೆ ಮನೆಯಾಕೆಯ ಪಾಲನ್ನು ಒಂದು ಬಟ್ಟಲಲ್ಲಿ ತೆಗೆದು ಮುಚ್ಚಿಡುವ ಪದ್ಧತಿಯನ್ನು ರೂಢಿಸಬೇಕು. ಸಾಧ್ಯವಾದರೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣಬೇಕು. ಈ ಮಾತನ್ನು ಹೆಂಗಸರಿಗೆ ಹೇಳಿದರೆ ಸಾಲದು. ಗಂಡಸರ ಸಭೆಯಲ್ಲೂ ಹೇಳಬೇಕಾಗಿದೆ.

ನಿಮ್ಮ ಪಾಲಿನ ಹಕ್ಕು

ಜನರ ಪೋಷಣೆಯ ಮಟ್ಟವನ್ನು ಹೆಚ್ಚಿಸುವುದು ರಾಜ್ಯದ ಪ್ರಾಥಮಿಕ ಕರ್ತವ್ಯಗಳಲ್ಲೊಂದೆಂದು ಸಂವಿಧಾನದ 47ನೆಯ ಅನುಚ್ಛೇದ ಹೇಳುತ್ತದೆ. ಎಣ್ಣೆ ಡಬ್ಬದ ಮೆಂತ್ಯ ಆ ಕರ್ತವ್ಯಕ್ಕೆ ಪರ್ಯಾಯವಲ್ಲ, ಪೂರಕ ಮಾತ್ರ. ಆದುದರಿಂದ ವಲಸೆ ಬಂದವರು ತಮ್ಮ ಹಕ್ಕುಗಳನ್ನು ಅರಿತಿರಬೇಕು. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ವೇಳೆಗೆ ಎಲ್ಲ ರಾಜ್ಯಗಳಲ್ಲೂ ಜಾರಿಗೆ ಬಂದಿತು. ಆಹಾರ ಭದ್ರತಾ ಕಾಯಿದೆಯಡಿ ಕರ್ನಾಟಕದಲ್ಲಿ ಪಡೆದ, ಆಧಾರ್ ಜೋಡಣೆಯಾದ ಪಡಿತರ ಚೀಟಿಯ ಧಾನ್ಯವನ್ನು ಪುಣೆಯ ಅಥವಾ ಚೆನ್ನೈಯ ನ್ಯಾಯಬೆಲೆ ಅಂಗಡಿಯಲ್ಲಿಯೂ ಪಡೆಯಬಹುದು. ಕುಟುಂಬದ ಕೆಲವರು ಊರಿನಲ್ಲೇ ಇದ್ದರೆ ಅವರ ಪಾಲನ್ನು ಅಲ್ಲಿಯೂ ಉಳಿದವರ ಪಾಲನ್ನು ಇಲ್ಲಿಯೂ ಎತ್ತಿಕೊಳ್ಳಲು ಅವಕಾಶವಿದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಸೇವೆಗಳ ಅಂಗನವಾಡಿಗಳಲ್ಲಿ ಆರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಬಾಣಂತಿಯರು ಪೂರಕ ಆಹಾರ ಪಡೆಯುತ್ತಾರೆ. ವಲಸೆ ಬಂದ ಊರಿನ ಅಂಗನವಾಡಿಯಲ್ಲೂ ಹೆಸರು ನೋಂದಾಯಿಸಿಕೊಳ್ಳಬಹುದು. 2018ರ ಮಾರ್ಚ್ 8ರಂದು ಪ್ರಾರಂಭವಾದ ಪೋಷಣ ಅಭಿಯಾನದ ಆಶ್ರಯದಲ್ಲಿ ಅಂಗನವಾಡಿಗಳ ಆವರಣದಲ್ಲಿ ಪೋಷಣ ವಾಟಿಕೆಗಳಿಗೆ ಪ್ರೋತ್ಸಾಹ ದೊರೆಯುತ್ತಿದೆ.

ಸಂಘಗಳು ಮಾಡಬಹುದಾದುದು

ಹೊರನಾಡಿನಲ್ಲಿ ಕನ್ನಡ ಸಂಘಗಳು ನಾಡಹಬ್ಬ, ನಾಟಕ, ಸಾಹಿತ್ಯಗೋಷ್ಠಿಗಳನ್ನು ಶ್ರದ್ಧೆಯಿಂದ ನಡೆಸುತ್ತ ಬಂದಿವೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೆ ಅಕ್ಷರ ಕಲಿಸಿದ ಇತಿಹಾಸ ನಮ್ಮೆಲ್ಲರ ಹೆಮ್ಮೆ. ಅದೇ ಸೇವಾಬುದ್ಧಿ ಈಗ ಅಡುಗೆಮನೆಯವರೆಗೂ ವಿಸ್ತರಿಸಲಿ. ಸಂಘದ ತಾರಸಿಯಲ್ಲಿ ಒಂದು ಸಸಿಮಡಿ ಮಾಡಿ, ಬಸಳೆ, ಪುದೀನ, ಮೆಣಸಿನ ಸಸಿಗಳನ್ನು ಕಾರ್ಮಿಕರ ವಸತಿಗಳಿಗೆ ಹಂಚಬಹುದು. ತಿಂಗಳಿಗೊಮ್ಮೆ ಕನ್ನಡದಲ್ಲಿ, ಆಯಾ ಸೀಮೆಯ ಮಾತಿನಲ್ಲಿ ಅಡುಗೆಯ ಪ್ರಾತ್ಯಕ್ಷಿಕೆ ಏರ್ಪಡಿಸಬಹುದು. ಪಡಿತರ ಚೀಟಿ, ಅಂಗನವಾಡಿ ನೋಂದಣಿಗಳ ಅರ್ಜಿ ತುಂಬಲು ಓದುಬಲ್ಲವರು ನೆರವಾಗಬಹುದು. ಒಂದು ವಿನಂತಿ: ದಾನ ಮಾಡುವವರಂತೆ ಅಲ್ಲಿಗೆ ಹೋಗಬೇಡಿ. ಹೊಲದ ಬದುವಿನ ಹತ್ತು ಬಗೆಯ ಸೊಪ್ಪುಗಳನ್ನು ಹೆಸರಿಟ್ಟು ಗುರುತಿಸಬಲ್ಲ ಹೆಣ್ಣುಮಕ್ಕಳು ಅಲ್ಲಿದ್ದಾರೆ. ಕಲಿಸುವಷ್ಟನ್ನೇ ಅವರಿಂದ ಕಲಿಯುವುದೂ ಇದೆ.

ಸಹೋದರ ಸಹೋದರಿಯರೇ, ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದರು ನಮ್ಮ ಹಿರಿಯರು. ಇಂದು ಮನೆಗೆ ಮರಳಿದ ಮೇಲೆ ಮೂರು ಕೆಲಸಗಳನ್ನು ಆರಂಭಿಸೋಣ. ಒಂದು ಡಬ್ಬದಲ್ಲಿ ಮೆಂತ್ಯ ಬಿತ್ತೋಣ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸೋಣ. ಬಡಿಸುವ ಮೊದಲು ಮನೆಯಾಕೆಯ ಬಟ್ಟಲನ್ನು ತುಂಬಿಡೋಣ. ಮೊದಲೆರಡಕ್ಕೆ ಹೆಚ್ಚಿನ ವೆಚ್ಚವಿಲ್ಲ. ಮೂರನೆಯದಕ್ಕೆ ಮನಸ್ಸೊಂದಿದ್ದರೆ ಸಾಕು.

ಆ ಕರಪತ್ರ ಮರುಮುದ್ರಣಕ್ಕೆ ಬಂದಾಗ ನಾನು ಹಳೆಯ ವಾಕ್ಯವನ್ನು ಹೊಡೆದುಹಾಕಿದೆ. ಅದರ ಸ್ಥಳದಲ್ಲಿ ಈಗ ಹೀಗಿದೆ: ‘ದಿನವೂ ಒಂದು ಹಿಡಿ ಸೊಪ್ಪು, ತಪ್ಪಲ ಪಲ್ಯ ಉಣ್ಣಿರಿ. ಮನೆಯ ತಾಯಿಗೆ ಮೊದಲು ಬಡಿಸಿರಿ.’ ಅದನ್ನು ತಿದ್ದಿಕೊಟ್ಟವಳು ಯಾದಗಿರಿ ಕಡೆಯ ಆ ಹೆಣ್ಣುಮಗಳೇ.